ತಾರಸಿಯ ಮೇಲೆ ಹಸಿರು: ಯಾವ ಮಣ್ಣು, ಯಾವ ಗಿಡ?

ಪ್ರಶ್ನೆ: ನಮಸ್ಕಾರ ಮೇಡಂ. ಮೈಸೂರಿನಲ್ಲಿ 1998ರಲ್ಲಿ ಕಟ್ಟಿಸಿದ ಆರ್‌ಸಿಸಿ ಮನೆ ನಮ್ಮದು. ಬೇಸಿಗೆಯಲ್ಲಿ ಮಹಡಿಯ ಕೋಣೆ ಕಾದ ಕಾವಲಿಯಾಗುತ್ತದೆ. ತಾರಸಿಗೆಲ್ಲ ಆರು ಅಂಗುಲ ಕೆಂಪುಮಣ್ಣು ಹರಡಿ ಹುಲ್ಲುಹಾಸು ಮಾಡಿಕೊಡುತ್ತೇನೆ ಎನ್ನುತ್ತಾರೆ ಮೇಸ್ತ್ರಿ. ಒಪ್ಪಬಹುದೇ?

ಉತ್ತರ: ಖಂಡಿತ ಬೇಡ. ಮೇಸ್ತ್ರಿಯವರು ಒಣಮಣ್ಣನ್ನು ನೋಡಿ ಹೇಳುತ್ತಿದ್ದಾರೆ, ತಾರಸಿ ಹೊರಬೇಕಾದದ್ದು ಮಳೆಯಲ್ಲಿ ನೆನೆದ ಮಣ್ಣನ್ನು. ಆರು ಅಂಗುಲಕ್ಕೆ ಅದು ಚದರ ಮೀಟರಿಗೆ ಸುಮಾರು 270 ಕಿಲೋ. ಜನ ಓಡಾಡುವ ತಾರಸಿಗೆ ಐಎಸ್ 875, ಅಂದರೆ ಕಟ್ಟಡಗಳ ಹೊರೆ ಕುರಿತ ಭಾರತೀಯ ಸಂಹಿತೆ, ಹಿಡಿಯುವ ಹೊರೆ ಸುಮಾರು 150 ಕಿಲೋ. ಮೊದಲು ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ. ತಾರಸಿಯಲ್ಲಿ ಎರಡು ದಿನ ನೀರು ನಿಲ್ಲಿಸಿ, ಎಲ್ಲಿಯೂ ಸೋರುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಮಣ್ಣಿನ ಬದಲು ಜಲ್ಲಡಿ ಹಿಡಿದ ಇಟ್ಟಿಗೆ ಚೂರು ಅರ್ಧಕ್ಕಿಂತ ಹೆಚ್ಚಿರಲಿ. ಉಳಿದದ್ದು ತೊಳೆದ ತೆಂಗಿನ ನಾರಿನ ಪುಡಿ, ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರ ಕಲ್ಲಿನ ಹರಳು), ಒಂದು ಹಿಡಿ ಎರೆಗೊಬ್ಬರ. ಇಟ್ಟಿಗೆಯ ಹುಡಿ ಮಾತ್ರ ಸೇರದಂತೆ ನೋಡಿಕೊಳ್ಳಿ, ಅದು ಮಿಶ್ರಣದ ಕೆಳಗೆ ಹಾಸುವ ಸೋಸುಬಟ್ಟೆಯ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಗೊಬ್ಬರ ಹೆಚ್ಚಾದರೆ ಕೊಳೆತು ಕುಸಿಯುತ್ತದೆ, ಎರಡು ವರ್ಷದಲ್ಲಿ ನಾಲ್ಕು ಅಂಗುಲ ಮೂರಾಗಿರುತ್ತದೆ.

ತೂಕ ನೋಡಲು ಒಂದು ಉಪಾಯವಿದೆ. ತಳಕ್ಕೆ ತೂತು ಕೊರೆದ ಹತ್ತು ಲೀಟರಿನ ಬಕೆಟ್ಟಿಗೆ ಮಿಶ್ರಣ ತುಂಬಿ, ನೀರುಣಿಸಿ, ತೊಟ್ಟಿಕ್ಕುವುದು ನಿಂತ ಮೇಲೆ ತೂಗಿ. ಬಂದ ಕಿಲೋವನ್ನು ಹತ್ತರಿಂದ ಗುಣಿಸಿದರೆ, ಹತ್ತು ಸೆಂಟಿಮೀಟರ್ ದಪ್ಪಕ್ಕೆ ಚದರ ಮೀಟರಿನ ಭಾರ ಸಿಕ್ಕಿತು. ಹದಿಮೂರು ಕಿಲೋ ದಾಟಿದರೆ ಪರ್ಲೈಟ್ ಹೆಚ್ಚಿಸಿ. ಆದರೆ ಗಾಳಿಗೆ ಹಾರುವ ವಸ್ತು ಅದು, ಮೇಲ್ಪದರದಲ್ಲಿ ಬೇಡ.

ಮರುಪ್ರಶ್ನೆ: ಗಿಡ ಯಾವುದು? ವಿಡಿಯೋಗಳಲ್ಲಿ ಎಲ್ಲರೂ ಸೀಡಮ್ ಎನ್ನುತ್ತಾರೆ.

ಉತ್ತರ: ದಪ್ಪ ರಸದೆಲೆಯ ಆ ಗಿಡ ಜರ್ಮನಿಯ ತಾರಸಿಗಳ ಮೆಚ್ಚಿನದು. ನಮ್ಮ ಮಳೆಗಾಲದ ಸೆಕೆಗೆ ಬುಡ ಕೊಳೆತು ಲೋಳೆಯಾಗುವುದನ್ನು ಕಂಡು ನಾನು ಕೈಬಿಟ್ಟಿದ್ದೇನೆ. ಹತ್ತು ಗಂಟೆ ಹೂವು, ಗೋಣಿಸೊಪ್ಪು, ಮಂಗರವಳ್ಳಿ, ಲೋಳೆಸರ ನೆಡಿ. ನೆರಳು ಬೀಳುವ ಅಂಚಿಗೆ ದೊಡ್ಡಪತ್ರೆ. ಹುಲ್ಲುಹಾಸು ಬಿಟ್ಟುಬಿಡಿ, ಬೇಸಿಗೆಯಿಡೀ ಅದಕ್ಕೆ ನೀರು ಹೊರುವವರು ಯಾರು? ಹಕ್ಕಿಗಳು ಬಿತ್ತುವ ಅರಳಿ, ಆಲದ ಸಸಿಗಳನ್ನು ಎರಡೆಲೆ ಇರುವಾಗಲೇ ಕಿತ್ತುಹಾಕಿ. ಬೇರು ಕಾಂಕ್ರೀಟಿನ ಬಿರುಕು ಹಿಡಿಯಿತೆಂದರೆ ಮುಗಿಯಿತು.

ಪ್ರಶ್ನೆ ಕೇಳಿದವರು: ಮೇಸ್ತ್ರಿಯ ಕೆಂಪುಮಣ್ಣನ್ನೇ ಬಕೆಟ್ಟಿನಲ್ಲಿ ತೂಗಿದೆವು ಮೇಡಂ. ಹತ್ತೊಂಬತ್ತು ಕಿಲೋ! ಅವರು ತಕ್ಕಡಿ ಸರಿಯಿಲ್ಲ ಎನ್ನುತ್ತಿದ್ದಾರೆ.

ಉತ್ತರ: ಬಕೆಟ್ಟಿನ ತೂಕ ಕಳೆದಿರಾ? ಕಳೆದರೂ ಹದಿನೆಂಟಕ್ಕೆ ಇಳಿಯುವುದು ಅಷ್ಟೇ.