ಪದ ಬೇಕು, ನಾಳೆ ಸಂಜೆಯೊಳಗೆ: ಟೀಮಲ್ಲಿ ಕೆಲಸ ಮಾಡದೆ ಮಾರ್ಕ್ಸ್ ತಗೊಳ್ಳೋನಿಗೆ ಏನಂತಾರೆ?

ಕರಡುತಿದ್ದೋನು:

ಎಲ್ರಿಗೂ ನಮಸ್ಕಾರ. ಇಂಜಿನಿಯರಿಂಗ್ ಮೊದಲ ವರ್ಷದ ಡಿಸೈನ್ ಪ್ರಾಜೆಕ್ಟಲ್ಲಿ ಹುಡುಗ್ರು ಟೀಮಾಗಿ ಹೇಗೆ ಕೆಲಸ ಮಾಡ್ಬೇಕು ಅಂತ ಹೇಳೋ ಒಂದು ಹಾಳೆ ಕನ್ನಡಕ್ಕೆ ತರ್ತಿದೀನಿ, ಜೊತೆಗೆ ಲ್ಯಾಬ್ ಗೋಡೆಗೊಂದು ಬೋರ್ಡು. ನಾಳೆ ಸಂಜೆ ಪ್ರಿಂಟಿಗೆ ಹೋಗತ್ತೆ. ಸಿಕ್ಕಾಕ್ಕೊಂಡಿರೋದು ಮುಖ್ಯವಾಗಿ "ಫ್ರೀ ರೈಡರ್" ಹತ್ರ. ಹುಡುಗ್ರು ಒಬ್ಬರಿಗೊಬ್ಬರು ರೇಟಿಂಗ್ ಕೊಡೋ ಫಾರ್ಮಲ್ಲಿ ಬರತ್ತೆ ಇದು, ಮೂರು ಜನ ದುಡಿದಿದ್ದಕ್ಕೆ ನಾಲ್ಕನೆಯವನೂ ಅದೇ ಮಾರ್ಕ್ಸ್ ತಗೊಂಡು ಹೋಗ್ತಾನಲ್ಲ, ಅವನು. ಕರಡಲ್ಲಿ ಯಾರೋ "ಉಚಿತ ಸವಾರ" ಅಂತ ಹಾಕಿದಾರೆ, ಓದಿದ್ರೆ ಬಸ್ ಪಾಸ್ ಥರ ಇದೆ. ಇನ್ನೊಂದು, ಟೀಮ್ ಬೆಳೆಯೋ ಹಂತಗಳು ಅಂತ ಟಕ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞ 1965ರಲ್ಲಿ ಹೇಳಿದ ಫಾರ್ಮಿಂಗ್, ಸ್ಟಾರ್ಮಿಂಗ್, ನಾರ್ಮಿಂಗ್, ಪರ್ಫಾರ್ಮಿಂಗ್, ಇದಕ್ಕೆ ಪ್ರಾಸ ಇರೋ ಥರ ಏನಾದ್ರೂ ಆಗತ್ತಾ? ಗುಂಪು ಮತ್ತೆ ತಂಡ ಬೇರೆ ಬೇರೆ ಅಂತ ಹಾಳೆಯ ಮೊದಲ ಸಾಲೇ ಹೇಳತ್ತೆ, ಆ ಎರಡು ಪದ ಸಾಕು ಅನ್ಕೊಂಡಿದೀನಿ. ತಲೆಬರಹ "ಪರಿಣಾಮಕಾರಿ ತಂಡ ನಿರ್ಮಾಣ".

ಅಚ್ಚುಮೊಳೆ:

ತಂಡ ಕನ್ನಡ, ನಿರ್ಮಾಣ ಸಂಸ್ಕೃತ. ಅರಿಸಮಾಸ. ತಲೆಬರಹದಲ್ಲೇ ಎಡವಿದೀರಿ, ಒಳಗಡೆ ಏನಿದ್ಯೋ. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಬಿರುದಾವಳಿಗೆ ವಿನಾಯಿತಿ ಕೊಟ್ಟಿದಾನೆ, ಲ್ಯಾಬ್ ಬೋರ್ಡಿಗಲ್ಲ. "ತಂಡ ಕಟ್ಟು" ಅನ್ನಿ, ಕ್ರಿಯಾಸಮಾಸ, ಅಚ್ಚುಕಟ್ಟು. ಫ್ರೀ ರೈಡರಿಗೆ ಮೈಗಳ್ಳ ಇದೆಯಲ್ರೀ, ಮೈ ಮತ್ತು ಕಳ್ಳ, ಕಕಾರಕ್ಕೆ ಗಕಾರ ಆದೇಶ, ಇದಕ್ಕಿಂತ ಒಳ್ಳೇ ಪದ ಯಾವ ಭಾಷೇಲಿದೆ ತೋರ್ಸಿ. ಕೇಳೋ ಅಗತ್ಯವೇ ಇರ್ಲಿಲ್ಲ. ನಿಘಂಟು ತೆರೆಯೋದು ಅನುವಾದಕರ ಜವಾಬ್ದಾರಿ.

ಡ್ರಾಯಿಂಗ್‌ಹಾಲ್:

ಮೈಗಳ್ಳ ಫಾರ್ಮಿಗೆ ಬೇಡ, ದಯವಿಟ್ಟು. ನನ್ನ ಕೆಲಸವೇ ಈ ಪ್ರಾಜೆಕ್ಟುಗಳನ್ನ ನೋಡ್ಕೊಳ್ಳೋದು. ಫಾರ್ಮಲ್ಲಿ ಬೈಗುಳ ಅಚ್ಚಾಗಿದ್ರೆ ಒಂದೋ ಎಲ್ರೂ ಎಲ್ರಿಗೂ ಫುಲ್ ಮಾರ್ಕ್ಸ್ ಹಾಕಿ ಕೈ ತೊಳ್ಕೋತಾರೆ, ಇಲ್ಲಾ ಯಾರ ಮೇಲೆ ಸಿಟ್ಟಿದ್ಯೋ ಅವನ ಹಣೆಗೆ ಅಂಟಿಸ್ತಾರೆ. ಸುಮ್ನೆ ಕೂತಿರೋರೆಲ್ಲ ಕಳ್ಳರೂ ಅಲ್ಲ. ಒಬ್ಬ ಜೋರಿನವನು ಕಂಪ್ಯೂಟರಲ್ಲಿ ಬರೆಯೋ ಇಡೀ ಕ್ಯಾಡ್ ಮಾಡೆಲ್ಲನ್ನ ರಾತ್ರೋರಾತ್ರಿ ತಾನೇ ಮಾಡಿ ಬೆಳಿಗ್ಗೆ ಗ್ರೂಪಿಗೆ ಹಾಕ್ತಾನೆ, ಉಳಿದೋರಿಗೆ ಮುಟ್ಟೋಕೂ ಬಿಡಲ್ಲ, ಕೊನೆಗೆ "ನಾನೊಬ್ಬನೇ ಮಾಡಿದ್ದು" ಅಂತ ರೇಟಿಂಗಲ್ಲಿ ಬರೀತಾನೆ. ಅಲ್ಲಿ ಮೈಗಳ್ಳ ಯಾರು?

ಹಳೇ ಕಥೆ ಒಂದಿದೆ, ರಿಂಗೆಲ್ಮನ್ ಅನ್ನೋ ಫ್ರೆಂಚ್ ಕೃಷಿ ಇಂಜಿನಿಯರು ಜನರ ಕೈಲಿ ಹಗ್ಗ ಎಳೆಸಿ ಅಳೆದಿದ್ದ, 1913ರಲ್ಲಿ ಅಚ್ಚಾಯ್ತು. ಆಳು ಜಾಸ್ತಿ ಆದಷ್ಟೂ ತಲಾ ಎಳೆತ ಕಮ್ಮಿ. ಅವನು ಅದಕ್ಕೆ ಮುಖ್ಯವಾಗಿ ಕೊಟ್ಟ ಕಾರಣ ಎಲ್ರೂ ಒಂದೇ ಏಟಿಗೆ ಎಳೆಯಲ್ಲ ಅನ್ನೋದು. 1979ರಲ್ಲಿ ಲಟಾನೆ ಅನ್ನೋ ಮನಶ್ಶಾಸ್ತ್ರಜ್ಞ ಮತ್ತೆ ಜೊತೆಯವರು ಚಪ್ಪಾಳೆ, ಕೂಗಾಟದಲ್ಲಿ ನೋಡಿದ್ರು, ಪಕ್ಕದೋರೂ ಕೂಗ್ತಿದಾರೆ ಅಂತ ನಂಬಿಸಿದ್ರೆ ಸಾಕು, ದನಿ ಇಳಿಯತ್ತೆ. ತನ್ನ ಪಾಲು ಬೇರೆಯಾಗಿ ಗೊತ್ತಾಗತ್ತೆ ಅಂತಿದ್ರೆ ಆ ಇಳಿಕೆ ಹೋಗ್ಬಿಡತ್ತೆ, ರೇಟಿಂಗ್ ಫಾರ್ಮ್ ಇರೋದೇ ಅದಕ್ಕೆ. ಆ ಒಟ್ಟು ಪ್ರವೃತ್ತಿಗೆ ಮೈಗಳ್ಳತನ ಅನ್ನಿ, ಒಪ್ತೀನಿ. ಬೇಕಂತಲೇ ಬಿಟ್ಟಿ ಮಾರ್ಕ್ಸ್ ಹೊಡೆಯೋನು ಬೇರೆ.

ಫಾರ್ಮಲ್ಲಿ ಆಳಿಗೆ ಹೆಸರೇ ಇಡ್ಬೇಡಿ, ಮಾಡಿದ್ದು ಬರೀರಿ: "ಒಪ್ಕೊಂಡ ಕೆಲಸ ಹೇಳಿದ ದಿನಕ್ಕೆ ಮುಗಿಸಿದ್ದಾರೆ", "ಮೀಟಿಂಗಿಗೆ ಬಂದಿಲ್ಲ, ಬರಲ್ಲ ಅಂತ ತಿಳಿಸಿಯೂ ಇಲ್ಲ". ಒಂದ್ ಸಲ ಮಧ್ಯದಲ್ಲಿ ಮಾರ್ಕ್ಸ್ ಇಲ್ಲದೆ ತುಂಬಿಸಿ, ಸರಿಹೋಗೋಕೆ ಟೈಮ್ ಸಿಗತ್ತೆ. ಕೊನೇಲಿ ಮಾತ್ರ ತುಂಬಿಸಿದ್ರೆ ಅದು ಸೇಡಿನ ಕಾಗದ.

ನೊಗದಾಳು:

ಮೂಲಕ್ಕೆ ಹೋಗೋಣ ಸ್ವಲ್ಪ. ಇಂಗ್ಲಿಷಿನ ಟೀಮ್ ಅಂದ್ರೆ ಹಿಂದೆ ಒಂದೇ ನೊಗಕ್ಕೆ ಹೂಡಿದ ಪ್ರಾಣಿಗಳು. ಹಾಗಾಗಿ ನಮ್ಮಲ್ಲೂ ನೊಗದಿಂದಲೇ ಪದ ಬರ್ಬೇಕು, "ಹೂಟೆ" ಅಂತ ಮಾಡಬಹುದು, ಹೂಟೆಯಾಳು, ಹೂಟೆಗೂಡು, ಹೂಟೆಗೆ ಹೆಗಲು ಕೊಡದವನು...

ಅಚ್ಚುಮೊಳೆ:

ಹದಿನೆಂಟು ವರ್ಷದ ಮಕ್ಕಳನ್ನ ನೊಗಕ್ಕೆ ಕಟ್ಬೇಡಿ. ಮುಂದೆ.

ಸುಮ್ನೆಓದುಗ:

ಅಚ್ಚುಮೊಳೆಯವ್ರೆ, ಮೇಲೆ "ಜವಾಬ್ದಾರಿ" ಅಂತ ಬರೆದಿದೀರಲ್ಲ, ಅದು ಯಾವ ಹಳಗನ್ನಡ? ಜವಾಬು ಅರಬ್ಬೀ, ದಾರಿ ಪಾರ್ಸಿ. ಎರಡು ಹೊರಗಿನವು ಸೇರಿ ಕನ್ನಡದಲ್ಲಿ ಆರಾಮಾಗಿ ಸಂಸಾರ ಮಾಡ್ತಿವೆ, ಪಾಪ ತಂಡ ನಿರ್ಮಾಣಕ್ಕೆ ಮಾತ್ರ ಅರಿಸಮಾಸದ ಕೇಸು. ಮತ್ತೆ "ತಂಡೋಪತಂಡವಾಗಿ" ಬಂದ್ರು ಅಂತ ಎಲ್ರೂ ಬರೀತಾರಲ್ಲ, ಅಚ್ಚಗನ್ನಡ ತಂಡದ ನಡುವೆ ಸಂಸ್ಕೃತದ ಉಪ ತುರುಕಿ ಗುಣಸಂಧಿ ಬೇರೆ ಮಾಡಿ, ಅದಕ್ಕೇನು ಶಿಕ್ಷೆ? ಹುಡುಗ್ರಂತೂ ಟೀಮು ಅಂತಾರೆ, ಟೀಮು ಟೀಮಿಗೆ ಟೀಮಲ್ಲಿ, ವಿಭಕ್ತಿ ಎಲ್ಲಾ ಸಲೀಸಾಗಿ ಹತ್ತತ್ತೆ, ಹಾಗೇ ಬಿಡಿ.

ಅಚ್ಚುಮೊಳೆ:

ತಂಡೋಪತಂಡ ರೂಢಿಗೆ ಬಂದ ತಪ್ಪು. ಹೊಸ ತಪ್ಪಿಗೆ ಹಳೇ ತಪ್ಪು ಜಾಮೀನಲ್ಲ. (ಜಾಮೀನೂ ಎರವಲು, ಗೊತ್ತು, ಹುಡುಕೋ ಶ್ರಮ ಬೇಡ.) ಎರವಲು ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ, ಮನೇಲಿ ಇರೋದನ್ನ ಎರವಲು ತರಬೇಡಿ ಅಂದೆ. ತಂಡ ಇರುವಾಗ ಟೀಮು ಯಾಕೆ?

ಡ್ರಾಯಿಂಗ್‌ಹಾಲ್:

ನೀವಿಬ್ರೂ ಆಮೇಲೆ ಹೊಡೆದಾಡ್ಕೊಳ್ಳಿ, ಅವರಿಗೆ ನಾಳೆ ಪ್ರಿಂಟು. ಗುಂಪು ಮತ್ತೆ ತಂಡದ ವ್ಯತ್ಯಾಸಕ್ಕೆ ಹಾಳೇಲಿ ಉದಾಹರಣೆ ಇಲ್ದೆ ಇದ್ರೆ ಇದು ಹಾಕಿ: ಒಬ್ಬ ಶಾಫ್ಟ್ (ತಿರುಗೋ ಸರಳು) ಬರೀತಾನೆ 12 ಮಿಮೀ, ಇನ್ನೊಬ್ಳು ಅದು ಕೂರೋ ಹೌಸಿಂಗ್ ತೂತು ಬರೀತಾಳೆ ಅದೂ 12 ಮಿಮೀ, ಇಬ್ರ ಡ್ರಾಯಿಂಗೂ ನೋಡೋಕೆ ಸರಿ, ಸಡಿಲ ಕೂರ್ಬೇಕಾ ಬಿಗಿ ಕೂರ್ಬೇಕಾ, ಟಾಲರೆನ್ಸ್, ಅಂದ್ರೆ ಅಳತೇಲಿ ಬಿಡಬಹುದಾದ ಹೆಚ್ಚುಕಮ್ಮಿ, ಎಷ್ಟು ಅಂತ ಇಬ್ರೂ ಕೂತು ಮಾತಾಡಿಲ್ಲ, ಅಸೆಂಬ್ಲಿ ದಿನ ಶಾಫ್ಟ್ ಒಳಗೇ ಹೋಗಲ್ಲ. ನಾಲ್ಕು ಭಾಗ ಹಂಚ್ಕೊಂಡು ಕೊನೇಲಿ ಪಿನ್ ಹೊಡೆದು ರಿಪೋರ್ಟ್ ಮಾಡೋದು ಗುಂಪು.

ಇನ್ನೊಂದು, ಟೀಮನ್ನ ಹುಡುಗ್ರಿಗೇ ಬಿಟ್ಟರೆ ಫ್ರೆಂಡ್ಸ್ ಫ್ರೆಂಡ್ಸ್ ಸೇರ್ತಾರೆ, ಚೆನ್ನಾಗಿ ಓದೋರೆಲ್ಲ ಒಂದ್ ಕಡೆ, ಯಾರಿಗೂ ಬೇಡವಾದೋರು ಕೊನೇಲಿ ಉಳಿದು ಒಂದ್ ಟೀಮು. ಮೇಷ್ಟ್ರೇ ಮಾಡ್ಬೇಕು, ಬಿಡುವಿನ ಹೊತ್ತು ಹೊಂದೋ ಹಾಗೆ, ಒಬ್ಳೇ ಹುಡುಗೀನ ಹುಡುಗ್ರ ಮಧ್ಯ ಹಾಕದ ಹಾಗೆ. ಆಮೇಲೆ ಮೊದಲ ವಾರದಲ್ಲೇ ಅವರ ನಿಯಮ ಅವರೇ ಬರೆದು ಸಹಿ ಹಾಕ್ಲಿ. ಇದಿಷ್ಟು ಹಾಳೇಲಿ ಇದ್ಯಾ?

ಕರಡುತಿದ್ದೋನು:

ನಿಯಮ ಬರೆಯೋದು ಇದೆ, ಟೀಮ್ ಯಾರು ಮಾಡ್ಬೇಕು ಅನ್ನೋದು ಒಂದೇ ಸಾಲು, ಸೇರಿಸ್ತೀನಿ. ಶಾಫ್ಟಿನದ್ದು ಹಾಗೇ ಎತ್ಕೋತೀನಿ ಸಾರ್. ಆದ್ರೆ ಬೋರ್ಡಿಗೆ ಪದ ಬೇಕೇ ಬೇಕಲ್ಲ, ಅಲ್ಲಿ ಪೂರ್ತಿ ವಾಕ್ಯ ಹಿಡಿಸಲ್ಲ.

ಸುಮ್ನೆಓದುಗ:

ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತೀವಲ್ಲ, ಅದನ್ನ ತಿರುಗಿಸಿ. ಲೆಕ್ಕಕ್ಕುಂಟು ಆಟಕ್ಕಿಲ್ಲ. ಮಾರ್ಕ್ಸಿನ ಲೆಕ್ಕದಲ್ಲಿ ಇದಾನೆ, ಕೆಲಸದಲ್ಲಿಲ್ಲ. ತಿರುಗಿಸದೆ ಇರೋದು ಡ್ರಾಯಿಂಗ್‌ಹಾಲ್ ಹೇಳಿದ ಆ ಮುಟ್ಟೋಕೂ ಅವಕಾಶ ಸಿಗದ ಹುಡುಗ್ರಿಗೆ ಹೊಂದತ್ತೆ. ಎರಡೂ ಪಕ್ಕಪಕ್ಕ ಹಾಕಿ.

ಹಂತಗಳಿಗೆ ನನ್ನ ಕೈಲಾದಿದ್ದು: ಕೂಡು, ಕಾದಾಡು, ಕುದುರು, ಕಸುಬು ಮಾಡು. ಅಂತ್ಯಪ್ರಾಸ ಆಗ್ಲಿಲ್ಲ, ಕಕಾರ ಸಿಕ್ತು. 1977ರಲ್ಲಿ ಟಕ್‌ಮನ್ನೇ ಇನ್ನೊಬ್ಬರ ಜೊತೆ ಐದನೇ ಹಂತ ಸೇರಿಸಿದಾನೆ, ಟೀಮ್ ಮುಗಿದು ಚದುರೋದು, ಅದಕ್ಕೆ ಕಳಚು.

ನೊಗದಾಳು:

ಕಳಚು ಚೆನ್ನಾಗಿದೆ. ನೊಗ ಕಳಚೋದು ಅಂತಲೇ ಇದೆ, ನೋಡಿ, ನಾನು ಮೊದಲೇ ಹೇಳಿದ್ದು...

ಅಚ್ಚುಮೊಳೆ:

ಕಸುಬು ಅರಬ್ಬೀ. ಕೆಲಸ ಅನ್ನಿ, ಕಕಾರ ಅಲ್ಲೂ ಇದೆ.

ಡ್ರಾಯಿಂಗ್‌ಹಾಲ್:

ಪದ ಒಪ್ಪಿದೆ. ಒಂದು ಎಚ್ಚರಿಕೆ ಮಾತ್ರ, ಟಕ್‌ಮನ್ ನೋಡಿದ ಅಧ್ಯಯನಗಳಲ್ಲಿ ಬಹಳಷ್ಟು ಚಿಕಿತ್ಸೆಗೆ ಸೇರಿದ ಗುಂಪುಗಳವು, ಡಿಸೈನ್ ಪ್ರಾಜೆಕ್ಟಿನವಲ್ಲ. ಹುಡುಗ್ರು "ನಮ್ಮಲ್ಲಿನ್ನೂ ಕಾದಾಟ ಆಗಿಲ್ಲ ಸಾರ್, ಈ ವಾರ ಮಾಡ್ಬೇಕಾ" ಅಂತ ಕೇಳ್ತಾರೆ, ನಿಜವಾಗ್ಲೂ. ಎಲ್ಲಾ ಟೀಮೂ ಇದೇ ಮೆಟ್ಟಿಲು ಹತ್ತಲ್ಲ ಅಂತ ಕೆಳಗೊಂದು ಸಾಲು ಹಾಕಿ.

ಕರಡುತಿದ್ದೋನು:

ಹಾಕಿದೀನಿ. ಕಳಿಸ್ತಿರೋದು ಹೀಗೆ: ತಲೆಬರಹ "ತಂಡ ಕಟ್ಟೋದು", ಫಾರ್ಮಲ್ಲಿ ಆಳಿಗೆ ಹೆಸರಿಲ್ಲ ಬರೀ ಮಾಡಿದ್ದು ಬಿಟ್ಟಿದ್ದು, ಬೋರ್ಡಲ್ಲಿ ಲೆಕ್ಕಕ್ಕುಂಟು ಆಟಕ್ಕಿಲ್ಲ ಎಡಕ್ಕೆ, ಆಟಕ್ಕುಂಟು ಲೆಕ್ಕಕ್ಕಿಲ್ಲ ಬಲಕ್ಕೆ, ಹಂತಗಳು ಐದೂ, ಕಸುಬಿನ ಜಾಗದಲ್ಲಿ ಕೆಲಸ. ಒಳಗಡೆ ಎರಡು ಕಡೆ ಟೀಮು ಉಳ್ಕೊಂಡಿದೆ, ಬೇಕಂತಲೇ. ಎಲ್ರಿಗೂ ಥ್ಯಾಂಕ್ಸ್.

ಅಚ್ಚುಮೊಳೆ:

"ಕಟ್ಟುವುದು" ಅಂತ ಬರೀರಿ. ಕಟ್ಟೋದು ಬಾಯಲ್ಲಿ ಸರಿ, ಬೋರ್ಡಲ್ಲಲ್ಲ.