ಫೈಟ್ ಸೀನ್ ಬಂದ ಕೂಡಲೇ ಹೋಂ ಥಿಯೇಟರ್ ಆಫ್, ಡಿಸ್‌ಪ್ಲೇಯಲ್ಲಿ ‘ಪ್ರೊಟೆಕ್ಟ್’

ಸಾಗರದ ಸೌಂಡು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2012ರಲ್ಲಿ ತಗೊಂಡ 5.1 ಡಿವಿಡಿ ಹೋಂ ಥಿಯೇಟರ್ ಇದೆ. ಪ್ಲೇಯರ್, ಆಂಪ್ಲಿಫೈಯರ್, ಎಫ್‌ಎಂ ಎಲ್ಲ ಒಂದೇ ಡಬ್ಬದಲ್ಲಿ. ಐದು ಸಣ್ಣ ಸ್ಪೀಕರ್, ಒಂದು ಸಬ್‌ವೂಫರ್. ಮೇಲೆ 1000 ವ್ಯಾಟ್ ಅಂತ ದೊಡ್ಡದಾಗಿ ಬರೆದಿದೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಕೈ ಕೊಟ್ಟಿರಲಿಲ್ಲ.

ಎರಡು ತಿಂಗಳಿಂದ ಹೊಸ ಕಾಟ. ಸಿನಿಮಾ ಹಾಕಿದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಚೆನ್ನಾಗಿ ಓಡುತ್ತದೆ. ಫೈಟ್ ಶುರುವಾಯ್ತು ಅಂದರೆ ಮುಗೀತು. ‘ಟಕ್’ ಅಂತ ಸದ್ದು, ಡಿಸ್‌ಪ್ಲೇಯಲ್ಲಿ ‘ಪ್ರೊಟೆಕ್ಟ್’, ಆಮೇಲೆ ಆಫ್. ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟು ಹಾಕಿದರೆ ಮತ್ತೆ ಏಳುತ್ತದೆ. ವಾಲ್ಯೂಮ್ ಜಾಸ್ತಿ ಏನೂ ಇಡುವುದಿಲ್ಲ, 35ರಲ್ಲಿ 18 ಅಥವಾ 20 ಅಷ್ಟೇ. ವಿಚಿತ್ರ ಅಂದರೆ ಎಫ್‌ಎಂ ಬೆಳಗ್ಗೆಯಿಂದ ಸಂಜೆವರೆಗೂ ಹಾಡುತ್ತದೆ, ಒಂದು ಸಲವೂ ಆಫ್ ಆಗಿಲ್ಲ.

ರಿಪೇರಿ ಅಂಗಡಿಗೆ ಡಬ್ಬ ಮಾತ್ರ ಕೊಟ್ಟು ಬಂದೆ. ಎರಡು ದಿನ ಇಟ್ಟುಕೊಂಡು ‘ಬೋರ್ಡ್ ಹೋಗಿದೆ, ಈ ಮಾಡೆಲ್‌ಗೆ ಈಗ ಸಿಗಲ್ಲ’ ಅಂದರು. ಅಲ್ಲಿ ಆಫ್ ಆಯ್ತಾ ಅಂತ ಕೇಳಿದರೆ ‘ಇಲ್ಲ, ಆದ್ರೂ ಬೋರ್ಡೇ’ ಅಂದರು. ಚೆಕ್ ಮಾಡಿದ್ದಕ್ಕೆ 300 ರೂಪಾಯಿ. ಏನು ಮಾಡಲಿ?

ತುಮಕೂರು ಟ್ವೀಟರ್:
ಗುರು, ಗುಜರಿಗೆ ಹಾಕಿ ಒಂದು ಸೌಂಡ್‌ಬಾರ್ ತಗೊಳ್ಳಿ. ವೈರಿನ ರಗಳೆಯೇ ಇರಲ್ಲ. ಅಷ್ಟು ಹಠ ಇದ್ದರೆ ಮುಚ್ಚಳ ಬಿಚ್ಚಿ, ಉಬ್ಬಿರುವ ಕೆಪ್ಯಾಸಿಟರ್ ಇದೆಯಾ ನೋಡಿ.

ಸೋಲ್ಡರ್ ಅಂಕಲ್:
ಟ್ವೀಟರ್ ಅವರೇ, ಹೊಸಬರಿಗೆ ಮುಚ್ಚಳ ಬಿಚ್ಚಿ ಅಂತ ಸುಮ್ನೆ ಹೇಳಬೇಡಿ. ಒಳಗೆ ಪವರ್ ಸಪ್ಲೈ ದೊಡ್ಡ ಕೆಪ್ಯಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ನಿಂತಿರುತ್ತದೆ. ಪ್ಲಗ್ ಕಿತ್ತ ತಕ್ಷಣ ಅದು ಖಾಲಿ ಆಗಿರುತ್ತದೆ ಅಂತ ನಂಬುವ ಹಾಗಿಲ್ಲ. ನನ್ನ ಬೆರಳಿಗೆ ಒಂದು ಸಲ ಹೊಡೆದಿದೆ, ಸಾಕು.

ಸಾಗರದವರೇ, ನೀವು ಮುಚ್ಚಳ ಮುಟ್ಟಬೇಕಾಗಿಯೇ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಅರ್ಧ ಇದೆ. ಎಫ್‌ಎಂ ಸ್ಟೀರಿಯೋ, ಅಂದರೆ ಮುಂದಿನ ಎರಡು ಸ್ಪೀಕರ್ ಮತ್ತು ಸಬ್‌ವೂಫರ್‌ಗೆ ಮಾತ್ರ ಕೆಲಸ. ಸಿನಿಮಾದಲ್ಲಿ ಸೆಂಟರ್ ಮತ್ತು ಹಿಂದಿನ ಎರಡೂ ಎದ್ದು ಕೂರುತ್ತವೆ. ಅದರಲ್ಲೂ ಹಿಂದಿನ ಸ್ಪೀಕರ್‌ಗಳಿಗೆ ಮಾತುಕತೆ ನಡೆಯುವಾಗ ಹೆಚ್ಚು ಕೆಲಸ ಇರಲ್ಲ. ಫೈಟ್, ಮಳೆ, ಜಾತ್ರೆ ಬಂದಾಗಲೇ ಅವಕ್ಕೆ ಕರೆಂಟ್ ಹೋಗುವುದು. ಆ ವೈರಿನಲ್ಲಿ ಎಲ್ಲೋ ಎರಡು ಎಳೆ ಒಂದಕ್ಕೊಂದು ತಾಗುತ್ತಿದ್ದರೆ, ಸಿಗ್ನಲ್ ಜೋರಾದ ಕೂಡಲೇ ಆಂಪ್ಲಿಫೈಯರ್ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ‘ಪ್ರೊಟೆಕ್ಟ್’ ಅಂದರೆ ಬೋರ್ಡ್ ಸತ್ತಿದೆ ಅಂತ ಅಲ್ಲ, ಸಾಯದ ಹಾಗೆ ನೋಡಿಕೊಳ್ಳುತ್ತಿದೆ ಅಂತ. ಅಂಗಡಿಯಲ್ಲಿ ಆಫ್ ಆಗಲಿಲ್ಲ ಯಾಕೆ? ನಿಮ್ಮ ಮನೆಯ ವೈರು ಅಲ್ಲಿಗೆ ಹೋಗಿರಲಿಲ್ಲವಲ್ಲ.

ಮೊದಲು ಪವರ್ ಪ್ಲಗ್ ಕಿತ್ತು, ಡಬ್ಬದ ಹಿಂದಿನ ಸ್ಪೀಕರ್ ಪ್ಲಗ್ ಆರೂ ತೆಗೆಯಿರಿ. ಹಾಗೇ ಅದೇ ಸಿನಿಮಾ ಪೂರ್ತಿ ಓಡಿಸಿ. ಆಗಲೂ ‘ಪ್ರೊಟೆಕ್ಟ್’ ಬಂದರೆ ರಿಪೇರಿಯವರು ಹೇಳಿದ್ದೇ ಸರಿ. ಬರದಿದ್ದರೆ ಮಲ್ಟಿಮೀಟರ್ ತಂದು, ಕಿತ್ತ ಪ್ಲಗ್‌ಗಳಲ್ಲಿ ಒಂದೊಂದರ ಓಮ್, ಅಂದರೆ ಕರೆಂಟಿಗೆ ಇರುವ ತಡೆ, ಅಳೆಯಿರಿ. ಸ್ಪೀಕರ್ ಹಿಂದೆ 3 ಓಮ್ ಅಂತ ಇದ್ದರೆ ಮೀಟರ್ ಸ್ವಲ್ಪ ಕಡಿಮೆ ತೋರಿಸುತ್ತದೆ, ಅದು ಸರಿಯೇ. ಸೊನ್ನೆ ಹತ್ತಿರ ಬಂದದ್ದು ಕಳ್ಳ.

ಸಾಗರದ ಸೌಂಡು:
ಅಂಕಲ್, ಸ್ಪೀಕರ್ ಇಲ್ಲದೆ ಎರಡೂವರೆ ಗಂಟೆ ಓಡಿತು. ಮೂಕಿ ಸಿನಿಮಾ ನೋಡಿದ ಹಾಗಾಯ್ತು. ಆಫ್ ಆಗಲಿಲ್ಲ.

ಆದರೆ ಮೀಟರ್ ಲೆಕ್ಕ ತಲೆ ಕೆಡಿಸಿದೆ. ಮುಂದಿನವು ಎರಡೂ 2.7, ಸೆಂಟರ್ 2.8, ಹಿಂದಿನ ಬಲ 3.2, ಹಿಂದಿನ ಎಡ 3.3. ಒಂದೂ ಸೊನ್ನೆ ಇಲ್ಲ. ಎಲ್ಲ ವಾಪಸ್ ಹಾಕಿ ರಾತ್ರಿ ಸಿನಿಮಾ ಹಾಕಿದೆ, ಫೈಟ್‌ನಲ್ಲಿ ಮತ್ತೆ ಟಕ್.

ಸೋಲ್ಡರ್ ಅಂಕಲ್:
ಹಿಂದಿನವು ಜಾಸ್ತಿ ತೋರಿಸುವುದು ಉದ್ದ ವೈರಿನಿಂದ, ತೊಂದರೆ ಇಲ್ಲ. ಅಂದರೆ ನಿಮ್ಮ ಶಾರ್ಟ್ ಬಂದು ಹೋಗುವ ಜಾತಿಯದು. ನೀವು ಅಳೆದ ಹೊತ್ತಿನಲ್ಲಿ ಅದು ಇರಲಿಲ್ಲ, ರಾತ್ರಿ ಬಂತು. ಹಾಗಾದರೆ ಆ ಎರಡು ಹೊತ್ತಿಗೂ ಮನೆಯಲ್ಲಿ ಏನು ವ್ಯತ್ಯಾಸ? ಸೋಫಾ ಎಳೆದಿರಾ? ಮಂಚದ ಕಾಲು? ವೈರು ಎಲ್ಲೆಲ್ಲಿ ಹೋಗುತ್ತದೆ ಅಂತ ಒಮ್ಮೆ ಕೈಯಲ್ಲೇ ಹಿಡಿದುಕೊಂಡು ಹೋಗಿ. ಇಲಿ ಕಡಿದಿರಬಹುದು, ಮಲೆನಾಡಿನಲ್ಲಿ ಕೇಳಬೇಕಾ.

ಮೈಸೂರ್ ಬಾಸ್:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇಂಥದ್ದೇ ಡಬ್ಬ. ಟಿವಿಯಿಂದ ಆಪ್ಟಿಕಲ್ ಕೇಬಲ್ ಹಾಕಿದ್ದೇನೆ. ಮುಂದಿನ ಎರಡು ಸ್ಪೀಕರ್ ಬಿಟ್ಟು ಉಳಿದವು ಉಸಿರೇ ಇಲ್ಲ. ಡಿವಿಡಿ ಹಾಕಿದರೆ ಆರೂ ಹಾಡುತ್ತವೆ.

ಸೋಲ್ಡರ್ ಅಂಕಲ್:
ಬಾಸ್, ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ ಅಂತ ಇರುತ್ತದೆ, ನೋಡಿ. ಆಪ್ಟಿಕಲ್‌ನಲ್ಲಿ ಪಿಸಿಎಂ ಅಂದರೆ ಎರಡೇ ಚಾನೆಲ್. ಅದನ್ನು ‘ಡಾಲ್ಬಿ ಡಿಜಿಟಲ್’ ಮಾಡಿ. ‘ಆಟೋ’ ಇಟ್ಟು ಸದ್ದೇ ಬರದಿದ್ದರೆ ಗಾಬರಿ ಬೇಡ. ಒಟಿಟಿ ಆ್ಯಪ್‌ಗಳು ಹೆಚ್ಚಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ಕಳಿಸುತ್ತವೆ, ನಮ್ಮ ಹಳೇ ಡಬ್ಬಗಳಿಗೆ ಆ ಭಾಷೆ ಬರಲ್ಲ. ಇನ್ನು ಸೀರಿಯಲ್ಲು, ವಾರ್ತೆ ಸ್ಟೀರಿಯೋದಲ್ಲೇ ಬಂದರೆ ಹಿಂದಿನವು ಸುಮ್ಮನಿರುವುದು ಸಹಜ. ರಿಮೋಟ್‌ನಲ್ಲಿ ಪ್ರೊ ಲಾಜಿಕ್ ಇದ್ದರೆ ಒತ್ತಿ, ಇರುವ ಎರಡು ಚಾನೆಲ್‌ನಿಂದಲೇ ಅದು ಹಿಂದಕ್ಕೂ ಸ್ವಲ್ಪ ಹಂಚುತ್ತದೆ.

ಮೈಸೂರ್ ಬಾಸ್:
ಪಿಸಿಎಂ ಅಂತಲೇ ಇತ್ತು! ಬದಲಾಯಿಸಿದೆ, ಈಗ ಆರೂ ಬಂತು. ಮೂರು ವರ್ಷ ಎರಡೇ ಸ್ಪೀಕರ್‌ನಲ್ಲಿ ಕೇಳಿದ್ದೇನೆ ಅಂತ ಮನೆಯಲ್ಲಿ ಹೇಳುವುದಿಲ್ಲ.

ಸಾಗರದ ಸೌಂಡು:
ಅಂಕಲ್, ಸಿಕ್ಕಿತು! ನಗಬೇಡಿ.

ಹಿಂದಿನ ಎಡ ಸ್ಪೀಕರ್ ವೈರು ಹಾಲ್‌ನ ಗೋಡೆ ಹಿಡಿದು, ಅಮ್ಮನ ರೂಮಿನ ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ಮೇಲೆ ಹೋಗುತ್ತದೆ. ದೀಪಾವಳಿಗೆ ಬಣ್ಣ ಹೊಡೆಸಿದಾಗ ಕ್ಲಿಪ್ ಕಿತ್ತು ಬಂದಿತ್ತು. ಪೇಂಟರ್ ಅದನ್ನು ಕೀಲಿನ ಕಡೆಯ ಸಂದಿಗೆ ತುರುಕಿ ಹೋಗಿದ್ದಾನೆ. ಬಾಗಿಲು ತೆರೆದಿದ್ದಾಗ ಏನೂ ಆಗುವುದಿಲ್ಲ. ಹಾಕಿದಾಗ ಒತ್ತುತ್ತದೆ.

ನಮ್ಮಮ್ಮನಿಗೆ ಹೊಡೆದಾಟದ ಸದ್ದು ಆಗಲ್ಲ. ಫೈಟ್ ಬಂದ ಕೂಡಲೇ ‘ಶುರುವಾಯ್ತಾ ನಿಮ್ದು’ ಅಂತ ಎದ್ದು ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ಇಷ್ಟು ದಿನ ವಾಲ್ಯೂಮ್ ತಗ್ಗಿಸುತ್ತಾ ಕೂತಿದ್ದೆ. ಮೀಟರ್ ಕಡ್ಡಿ ಪ್ಲಗ್‌ಗೆ ಹಿಡಿದುಕೊಂಡು ಅಮ್ಮನಿಗೆ ಬಾಗಿಲು ಹಾಕಿ ಅಂದೆ. 3.3 ಇದ್ದದ್ದು 0.4ಕ್ಕೆ ಬಿತ್ತು. ತೆಗೀರಿ ಅಂದೆ, 3.3. ಹತ್ತು ಸಲ ಮಾಡಿಸಿದೆ. ‘ನಿನಗೆ ಬೇರೆ ಕೆಲಸ ಇಲ್ವಾ’ ಅಂದರು.

ಹೊಸ ವೈರು ಯಾವುದು ಹಾಕಲಿ? ಪ್ಲಗ್ ಕಂಪನಿಯದೇ ಬಣ್ಣದ್ದು, ಅಂಗಡಿಯಲ್ಲಿ ಸಿಗಲ್ಲ.

ಸೋಲ್ಡರ್ ಅಂಕಲ್:
ಎಲ್ಲರೂ ನಗುತ್ತಿದ್ದೇವೆ, ನೀವೊಬ್ಬರೇ ಅಲ್ಲ. ಅಮ್ಮನಿಗೆ ನಮಸ್ಕಾರ ಹೇಳಿ.

ಪ್ಲಗ್ ಎಸೆಯಬೇಡಿ. ಅದರ ಜೊತೆ ಒಂದು ಗೇಣು ಹಳೇ ವೈರು ಉಳಿಸಿ ಕತ್ತರಿಸಿ. ಅಲ್ಲಿಂದ ಮುಂದಕ್ಕೆ ಎಲೆಕ್ಟ್ರಿಕಲ್ ಅಂಗಡಿಯ 1 ಚದರ ಮಿಲಿಮೀಟರ್‌ನ ಟೂ ಕೋರ್ ವೈರು ಸಾಕು. ಎರಡು ಜಾಯಿಂಟೂ ಒಂದೇ ಜಾಗದಲ್ಲಿ ಬರದಂತೆ ಹಿಂದೆ ಮುಂದೆ ಮಾಡಿ, ಬೇರೆ ಬೇರೆ ಟೇಪ್ ಸುತ್ತಿ. ಗೆರೆ ಇರುವ ಎಳೆ ಯಾವ ಕಡೆ ಅಂತ ಕತ್ತರಿಸುವ ಮೊದಲೇ ಫೋಟೋ ತೆಗೆಯಿರಿ. ಪ್ಲಸ್ ಮೈನಸ್ ತಿರುಗಿದರೆ ಸದ್ದು ಬರುತ್ತದೆ, ಆದರೆ ಎಲ್ಲಿಂದ ಬರುತ್ತಿದೆ ಅಂತ ಕಿವಿಗೆ ಗೊತ್ತಾಗಲ್ಲ.

ಅನುಮಾನ ಇದ್ದರೆ ಗೋಡೆ ಗಡಿಯಾರದ ಸೆಲ್ ತಗೊಳ್ಳಿ. ಆಂಪ್ಲಿಫೈಯರ್‌ನಿಂದ ಪ್ಲಗ್ ಕಿತ್ತು, ವೈರಿನ ಪ್ಲಸ್‌ಗೆ ಸೆಲ್ಲಿನ ಪ್ಲಸ್, ಮೈನಸ್‌ಗೆ ಮೈನಸ್ ಒಂದು ಕ್ಷಣ ತಾಗಿಸಿ. ಜಾಲರಿ ತೆಗೆದು ನೋಡಿದರೆ ಕೋನ್ ಹೊರಗೆ ನೆಗೆಯಬೇಕು. ಒಳಗೆ ಹೋದರೆ ತಿರುಗಿದೆ ಅಂತ ಅರ್ಥ.

ತುಮಕೂರು ಟ್ವೀಟರ್:
ಸೌಂಡ್‌ಬಾರ್ ಮಾತು ವಾಪಸ್. ಆದರೆ 1000 ವ್ಯಾಟ್ ಅಂತ ಬೀಗಬೇಡಿ ಗುರು. ಆರು ಚಾನೆಲ್‌ಗೆ ತಲಾ 167 ಅಂತ ಕೂಡಿಸಿ ಬರೆದ ಲೆಕ್ಕ ಅದು, ಅದೂ ಸದ್ದು ಕೆಟ್ಟು ಕರಕಲಾಗುವವರೆಗೆ ಏರಿಸಿ ಅಳೆದದ್ದು. ಡಬ್ಬದ ಹಿಂದೆ ಅಂಟಿಸಿದ ಪಟ್ಟಿಯಲ್ಲಿ ಎಷ್ಟು ವ್ಯಾಟ್ ಕರೆಂಟ್ ಎಳೆಯುತ್ತದೆ ಅಂತ ನೋಡಿ. ನನ್ನ ಹಳೆಯದರಲ್ಲಿ 135 ಅಂತ ಇತ್ತು.

ಸಾಗರದ ಸೌಂಡು:
ಹದಿನೈದು ಮೀಟರ್ ವೈರು ತಂದು ಬಾಗಿಲ ಮೇಲಿನಿಂದ ಕ್ಲಿಪ್ ಹೊಡೆದೆ. ಮೊದಲ ಸಲ ತಿರುಗಿಯೇ ಜೋಡಿಸಿದ್ದೆ, ಕೋನ್ ಒಳಗೆ ಹೋಯ್ತು. ಬಿಚ್ಚಿ ಸರಿ ಮಾಡಿದೆ. ನಿನ್ನೆ ಪೂರ್ತಿ ಸಿನಿಮಾ ನೋಡಿದೆವು, ಮೂರು ಫೈಟ್, ಅಮ್ಮ ಮೂರು ಸಲವೂ ಬಾಗಿಲು ಹಾಕಿದರು. ಹಿಂದಿನ ಪಟ್ಟಿ ನೋಡಿದೆ ಟ್ವೀಟರ್ ಅವರೇ, ನಮ್ಮದು 130.