‘ಅಮಾನ್ಯ’, ‘ವಿಫಲ’, ‘ಹೋಗವಲ್ದು’: ಎರರ್ ಮೆಸೇಜಿಗೆ ಯಾವ ಕನ್ನಡ?

ದಾವಣಗೆರೆಯ ಎಪಿಎಂಸಿ ಹತ್ತಿರ ಅರ್ಜಿ ತುಂಬಿಕೊಡುವ ಅಂಗಡಿ ನನ್ನದು. ಮೆಕ್ಕೆಜೋಳದ ಸುಗ್ಗಿಯಲ್ಲಿ ಬರುವವರು ಹೆಚ್ಚಾಗಿ ರೈತರೇ. ಬ್ಯಾಂಕಿನ ವಿವರ ಹಾಕುವಾಗ ತೆರೆಯ ಮೇಲೆ ‘ಅಮಾನ್ಯ ಐಎಫ್‌ಎಸ್‌ಸಿ’ ಎಂದು ಕೆಂಪಗೆ ಮೂಡಿದರೆ ಪಕ್ಕದಲ್ಲಿ ಕೂತವರು ಗಾಬರಿ ಬೀಳುತ್ತಾರೆ. 2016ರ ನೋಟು ಅಮಾನ್ಯೀಕರಣ ಕಂಡವರಿಗೆ ಅಮಾನ್ಯ ಎಂದರೆ ರದ್ದು. ‘ಖಾತೆನೇ ಹೋತೇನ್ರೀ?’ ಎಂಬ ಪ್ರಶ್ನೆ ಸಹಜ. ಆಗಿರುವುದು ಇಷ್ಟೇ: ಐಎಫ್‌ಎಸ್‌ಸಿ ಅಂದರೆ ಬ್ಯಾಂಕಿನ ಶಾಖೆ ಗುರುತಿಸುವ ಕೋಡು; ಅದರಲ್ಲಿ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ‘ಓ’ ಬಿದ್ದಿದೆ. ‘ಐದನೆಯದು ಸೊನ್ನೆ ಇರಬೇಕು’ ಅಂದಿದ್ದರೆ ಮುಗಿದಿತ್ತು.

ಈ ‘ಅಮಾನ್ಯ’ ಇಂಗ್ಲಿಷಿನ ಇನ್‌ವ್ಯಾಲಿಡ್‌ನ ಅನುವಾದ. ಅದಕ್ಕೆ ‘ಅಸಿಂಧು’ ಕೂಡ ಇದೆ, ಆದರೆ ಅದು ಕೋರ್ಟಿನ ಮಾತು. ಚುನಾವಣೆ ವರದಿಗಳ ‘ಕುಲಗೆಟ್ಟ ಮತ’ದ ಜಾಡು ಹಿಡಿದು ‘ಕುಲಗೆಟ್ಟ ಪಾಸ್‌ವರ್ಡ್’ ಅನ್ನುವುದು ಬೇಡವೇ ಬೇಡ! ಇಂಗ್ಲಿಷೇನೂ ಸಾಚಾ ಅಲ್ಲ ಬಿಡಿ. ವಿಂಡೋಸ್ 95ರ ಕಾಲದಲ್ಲಿ ಪ್ರೋಗ್ರಾಂ ಕೆಟ್ಟರೆ ‘ಇಲ್ಲೀಗಲ್ ಆಪರೇಷನ್’ ನಡೆದಿದೆ ಎಂದು ಬರುತ್ತಿತ್ತು, ಪೊಲೀಸರು ಬರುತ್ತಾರೇನೋ ಅನ್ನುವ ಹಾಗೆ.

ನನ್ನ ಮುಖ್ಯ ಪ್ರಶ್ನೆ ಬೇರೆ. ನಮ್ಮ ಕಡೆ ಇಲ್ಲ ಅನ್ನುವುದಕ್ಕೆ ಮೂರು ಬಗೆ ಉಂಟು. ಮೇಲ್ ‘ಹೋಗಲ್ಲ’ ಅಂದರೆ ಆಸೆ ಬಿಡಿ. ‘ಹೋಗ್ತಿಲ್ಲ’ ಅಂದರೆ ಸದ್ಯಕ್ಕೆ ಇಲ್ಲ. ‘ಹೋಗವಲ್ದು’ ಅಂದರೆ ನಾವು ಕಳಿಸುತ್ತಲೇ ಇದ್ದೇವೆ, ಅದೇ ಒಲ್ಲೆ ಅಂತಿದೆ. ತಪ್ಪು ನಮ್ಮದಲ್ಲ ಎಂಬ ಧ್ವನಿಯೂ ಅದರಲ್ಲಿದೆ. ಯಂತ್ರಗಳೂ ತಮ್ಮೊಳಗೆ ಇದನ್ನೇ ಮಾತಾಡಿಕೊಳ್ಳುತ್ತವೆ. ಮೇಲ್ ಸರ್ವರ್ (ಮೇಲ್ ಪಡೆದು ತಲುಪಿಸುವ ಕಂಪ್ಯೂಟರ್) 4ರಿಂದ ಶುರುವಾಗುವ ಸಂಖ್ಯೆ ಕೊಟ್ಟರೆ ತಾತ್ಕಾಲಿಕ ತೊಡಕು, ಆಮೇಲೆ ನೋಡೋಣ; 5ರಿಂದಾದರೆ ಇದ್ದ ಹಾಗೇ ಮತ್ತೆ ಕಳಿಸಿ ಉಪಯೋಗವಿಲ್ಲ. ವೆಬ್‌ಸೈಟಿನಲ್ಲಿ ಲೆಕ್ಕ ಬೇರೆ: 404ರಂಥವು (ಕೇಳಿದ ಪುಟ ಇಲ್ಲ ಅನ್ನುವುದು) ಕೇಳಿದವರ ಕಡೆಯ ತಪ್ಪು, 500ರಂಥವು ಸರ್ವರಿನದು. ಇಷ್ಟೆಲ್ಲ ಬೇರೆಬೇರೆ ಸಂಗತಿಗೆ ಕನ್ನಡದ ತೆರೆ ಹೇಳುವುದು ಒಂದೇ, ‘ವಿಫಲವಾಗಿದೆ’. ಯಾರು ವಿಫಲ? ಮತ್ತೆ ಒತ್ತಬೇಕೋ, ನಾಳೆ ಬರಬೇಕೋ?

ಸಂಖ್ಯೆಯನ್ನು ಮಾತ್ರ ಕನ್ನಡದ ಸಂದೇಶದಲ್ಲೂ ಉಳಿಸಬೇಕು ಎಂಬುದು ನನ್ನ ಹಟ. ಪರಿಹಾರ ಹುಡುಕಲು ಅದೇ ದಾರಿ.

ಬಲ್ಲವರು ತಿಳಿಸಿ: ‘ಹೋಗವಲ್ದು’ ಎಂಬುದು ‘ಹೋಗಲೊಲ್ಲದು’ ಎಂಬುದರ ಸವೆದ ರೂಪ ತಾನೆ? ಹಾಗಿದ್ದರೆ ‘ಸರ್ವರ್ ಸಿಗಲೊಲ್ಲದು, ತುಸು ತಡೆದು ಒತ್ತಿ’ ಎಂದು ತೆರೆಯ ಮೇಲೆ ಬರೆದರೆ ಮೈಸೂರು, ಮಂಗಳೂರಿನವರಿಗೆ ಹೇಗೆ ಕೇಳಿಸುತ್ತದೆ? ಹಳೆಗನ್ನಡದಂತೆಯೋ, ಬಯಲುಸೀಮೆಯ ಆಡುಮಾತಿನಂತೆಯೋ? ‘ಅಮಾನ್ಯ’ದ ಬದಲಿಗೆ ನಿಮ್ಮೂರ ಕಡೆ ಜನ ನಿಜವಾಗಿ ಆಡುವ ಪದ ಯಾವುದು?